ಕತ್ತಲೆಗೆ ಅರ್ಜಿ ಕೊಟ್ಟ ಪೀಟಿ ಟೀಚರ್

ಮೊನ್ನೆ ಪಂಚಾಯತಿಯ ಸಭಾಭವನದಲ್ಲಿ ಟೀಚರಿಗೆ ನುಡಿನಮನ ಇತ್ತು. ಮೈಕ್ ಹಿಡಿದವರೊಬ್ಬರು, "ಟೀಚರ್ ಬಹಳ ಸೌಮ್ಯ ಸ್ವಭಾವದವರು, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಿದ್ದರು. ಕೊನೆಗೆ ಸ್ವಲ್ಪ ಮರೆವು ಬಂದಿತ್ತು, ಪಾಪ" ಎಂದರು. ಸಭೆ ತಲೆ ಆಡಿಸಿತು. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಎರಡೂ ಸುಳ್ಳು. ಅವರು ಸೌಮ್ಯರೂ ಅಲ್ಲ, ಯಾರ ಜೊತೆಗೂ ಹೊಂದಿಕೊಂಡವರೂ ಅಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ, ಒಪ್ಪುತ್ತೇನೆ. ಆದರೆ ಹೊಂದಿಕೊಂಡು ಹೋಗುವುದೇ ಒಳ್ಳೆಯದು ಎಂದು ತೀರ್ಮಾನ ಮಾಡಿದ್ದು ಯಾರು? ಇನ್ನು ಆ ಮರೆವಿನ ಮಾತು. ಆ ಸುಳ್ಳು ಎಲ್ಲಿಂದ ಹುಟ್ಟಿತು ಎಂದು ಆ ಸಭೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ನಾನು. ಅದು ಹುಟ್ಟಿದ್ದು ನನ್ನ ಮೇಜಿನಲ್ಲಿ. ಹಾಗಾಗಿ ಅವರ ಬಗ್ಗೆ ಬರೆಯುವ ಹೊಣೆಯೂ ನನ್ನದೇ.

ನಾನು ಮೂಡುಬಿದಿರೆಯಿಂದ ಕಾಲುಗಂಟೆ ದಾರಿಯ ಒಂದು ಗ್ರಾಮ ಪಂಚಾಯತಿಯಲ್ಲಿ ಗುಮಾಸ್ತ. ಪಂಚಾಯತಿಯ ಹೆಸರು ಬೇಡ. ಮನೆ ಬಂಟ್ವಾಳದಲ್ಲಿ, ಬೆಳಿಗ್ಗೆ ಬಸ್ಸು ಹತ್ತಿ ಬಂದು, ಸಂಜೆ ಬಸ್ಸು ಹತ್ತಿ ಹೋಗಿ ಇಪ್ಪತ್ತೆರಡು ವರ್ಷ ಆಯಿತು. ಟೀಚರ್ ಅದೇ ಗ್ರಾಮದ ಜೈನ ಮನೆತನದವರು. ಬಂಟ್ವಾಳ ಕಡೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವ್ಯಾಯಾಮ ಶಿಕ್ಷಕಿಯಾಗಿದ್ದು ನಿವೃತ್ತರಾಗಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಮಕ್ಕಳಿಗೆ, ಮಕ್ಕಳ ಅಪ್ಪಂದಿರಿಗೆ, ಬಸ್ ಕಂಡಕ್ಟರಿಗೆ, ಎಲ್ಲರಿಗೂ ಅವರು ಪೀಟಿ ಟೀಚರ್.

ಅವರ ಜೊತೆ ಮಾತಾಡಲು ಒಂದು ಸೂತ್ರ ಇತ್ತು. ತುಳುವಿನಲ್ಲಿ ಮಾತಾಡುತ್ತಿದ್ದಾರೆ ಎಂದರೆ ಸಮಾಧಾನದಲ್ಲಿದ್ದಾರೆ. ಕನ್ನಡ ಸುರುವಾಯಿತು ಎಂದರೆ ಜಾಗ್ರತೆ. ಶಾಲೆಯಲ್ಲಿ ಬೈದದ್ದು ಕನ್ನಡದಲ್ಲಿ ಆದ್ದರಿಂದ ಸಿಟ್ಟಿಗೆ ಅದೇ ಭಾಷೆ ರೂಢಿಯಾಗಿತ್ತು. ಅದೂ ಬಿಡಿಸಿ ಬಿಡಿಸಿ, ಪಾಠ ಓದಿದ ಹಾಗೆ. ನನ್ನ ಹತ್ತಿರ ಅವರು ಆಡಿದ್ದು ಹೆಚ್ಚು ಕನ್ನಡವೇ.

ಶಾಲೆಯಲ್ಲಿ ಅವರ ಪೀಟಿ ಪೀರಿಯಡನ್ನು ಗಣಿತದ ಮಾಸ್ಟ್ರು ವಾರವಾರ ತೆಗೆದುಕೊಳ್ಳುತ್ತಿದ್ದರಂತೆ. ಪಠ್ಯ ಮುಗಿಯಲಿಲ್ಲ, ಪರೀಕ್ಷೆ ಬಂತು ಎನ್ನುವ ಸಬೂಬು ಎಲ್ಲ ಶಾಲೆಗಳಲ್ಲಿಯೂ ಇರುವಂಥದ್ದೇ. ಎಲ್ಲ ಪೀಟಿ ಟೀಚರುಗಳೂ ಸ್ಟಾಫ್ ರೂಮಿನಲ್ಲಿ ಕೂತು ಚಾ ಕುಡಿದು ಸುಮ್ಮನಾಗುತ್ತಾರೆ. ಇವರು ತರಗತಿಯ ಬಾಗಿಲಲ್ಲಿ ನಿಂತು ಸೀಟಿ ಊದಿದರು. ಮಕ್ಕಳು ಪುಸ್ತಕ ಬಿಟ್ಟು ಮೈದಾನಕ್ಕೆ ಓಡಿದರು. ಮಾಸ್ಟ್ರ ಕೈಯಲ್ಲಿ ಚಾಕ್ ಮಾತ್ರ ಉಳಿಯಿತು. ಹೆಡ್‌ಮಾಸ್ಟ್ರು ಕರೆದು ಕೇಳಿದ್ದಕ್ಕೆ ಟೀಚರ್, "ನನ್ನ ಪೀರಿಯಡ್ ಕದ್ದದ್ದು ಅವರು. ಕಳ್ಳರನ್ನು ಕಂಡರೆ ಸೀಟಿ ಊದಬೇಕು" ಎಂದರಂತೆ. ಆ ಸೀಟಿ ನಿವೃತ್ತಿಯ ನಂತರವೂ ಕೈಚೀಲದಲ್ಲಿತ್ತು. ನಮ್ಮ ಆಫೀಸಿನಲ್ಲಿ ಒಬ್ಬರು ಸಾಲು ತಪ್ಪಿಸಿ ಕೌಂಟರಿಗೆ ಬಂದಾಗ ಅದನ್ನು ಊದಿದ್ದೂ ಉಂಟು. ನನ್ನ ಕೈಯಿಂದ ಮೊಹರು ಕೆಳಗೆ ಬಿತ್ತು.

ಈಗ ಗಿಡದ ವಿಷಯ. ಅವರ ಅಡುಗೆಮನೆಯ ಹಿಂದೆ ಒಂದು ಜಗಲಿ. ಅದರಲ್ಲಿ ಎರಡು ಸಾಲು ಮರದ ಬೆಂಚು, ಬೆಂಚಿನ ಮೇಲೆ ಮೂವತ್ತರಷ್ಟು ಮಣ್ಣಿನ ಚಟ್ಟಿ. ಎಲ್ಲದರಲ್ಲಿಯೂ ಕ್ರಿಸ್ಮಸ್ ಕಳ್ಳಿ. ಕಂಡವರಿಗೆ ಗೊತ್ತು: ಎಲೆಯ ಹಾಗೆ ಕಾಣುವ ಚಪ್ಪಟೆ ಗೆಣ್ಣುಗಳು ಒಂದರ ತುದಿಗೆ ಒಂದು ಜೋಡಿಸಿಕೊಂಡು ಚಟ್ಟಿಯ ಸುತ್ತ ಇಳಿಬಿದ್ದಿರುತ್ತವೆ. ಹನ್ನೊಂದು ತಿಂಗಳು ಅದರತ್ತ ಯಾರೂ ನೋಡುವುದಿಲ್ಲ. ಡಿಸೆಂಬರಿನಲ್ಲಿ ಪ್ರತಿ ಗೆಣ್ಣಿನ ತುದಿಯಲ್ಲಿ ಕೆಂಪು ಗುಲಾಬಿ ಬಣ್ಣದ ಹೂ ಬಿಟ್ಟಿತು ಎಂದರೆ ದಾರಿಯಲ್ಲಿ ಹೋಗುವವರು ನಿಲ್ಲುತ್ತಾರೆ.

ಅದರ ಮೂಲ ಬೆಳ್ತಂಗಡಿ. ಹಿಂದೆ ಒಂದು ಡಿಸೆಂಬರಿನಲ್ಲಿ ಕ್ರೀಡಾಕೂಟಕ್ಕೆ ಹೋದಾಗ ಅಲ್ಲಿಯ ಕೊಂಕಣಿ ಕ್ರೈಸ್ತ ಟೀಚರೊಬ್ಬರ ಮನೆಯಲ್ಲಿ ಉಳಿದಿದ್ದರಂತೆ. ಕ್ರಿಸ್ಮಸ್ಸಿಗೆ ಕಟ್ಟಿದ ಗೋದಲಿಯ ಪಕ್ಕದಲ್ಲಿ ಈ ಗಿಡ ಹೂ ಬಿಟ್ಟು ನಿಂತಿತ್ತು. ನಮ್ಮ ಕಡೆ ಒಂದು ನಂಬಿಕೆ ಉಂಟಲ್ಲ, ಕದ್ದ ಗಿಡ ಹಿಡಿಯುತ್ತದೆ, ಕೇಳಿ ತಂದದ್ದು ಒಣಗುತ್ತದೆ ಎಂದು. ಆ ಮನೆಯ ಟೀಚರ್, "ನೀನು ಮುರ್ಕೊ, ನಾನು ಆಚೆ ತಿರುಗ್ತೇನೆ" ಎಂದರು. ಇವರು, "ನೀನು ಈಚೆ ತಿರುಗು. ನಾನು ಕೇಳಿಯೇ ತಗೊಳ್ಳುದು. ಒಣಗುದಾದ್ರೆ ಒಣಗ್ಲಿ" ಎಂದು ಮೂರು ಗೆಣ್ಣು ಒದ್ದೆ ಕರವಸ್ತ್ರದಲ್ಲಿ ಸುತ್ತಿ ತಂದರು. ಒಣಗಲಿಲ್ಲ. ಜಗಲಿಯ ಮೂವತ್ತು ಚಟ್ಟಿಯೂ ಆ ಮೂರರ ಸಂತಾನ. ಅಂದಿನಿಂದ ಪ್ರತಿ ಕ್ರಿಸ್ಮಸ್ಸಿಗೆ ಒಂದು ಹೂಬಿಟ್ಟ ಚಟ್ಟಿ ಬಸ್ಸು ಹತ್ತಿ ಬೆಳ್ತಂಗಡಿಗೆ ಹೋಗುತ್ತಿತ್ತು.

ಕೇಳಿದವರಿಗೆ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಗೆಣ್ಣಿನ ಜೊತೆ ಪಾಠವೂ ಸಿಗುತ್ತಿತ್ತು. "ಕತ್ತಿ ಹಾಕ್ಲಿಕ್ಕೆ ಇಲ್ಲ. ಗೆಣ್ಣು ಗೆಣ್ಣು ಸೇರುವಲ್ಲಿ ಹಿಡಿದು ಮೆಲ್ಲ ತಿರುಚಿದರೆ ಅದೇ ಬಿಡ್ತದೆ. ಎರಡು ದಿವಸ ನೆರಳಿನಲ್ಲಿ ಗಾಯ ಒಣಗ್ಲಿ. ಹಸಿ ಗಾಯ ಮಣ್ಣಿಗೆ ಹಾಕಿದರೆ ಕೊಳೀತದೆ. ಹೊಳೆಯ ಹೊಯಿಗೆ ಮರಳು, ತರಗೆಲೆ ಗೊಬ್ಬರ, ತೆಂಗಿನ ನಾರಿನ ಹುಡಿ, ಒಂದು ಮುಷ್ಟಿ ಇದ್ದಿಲು. ಅರ್ಧ ಗೆಣ್ಣು ಮಾತ್ರ ಹೂಳುವುದು. ನೀರು ಕೇಳ್ತದಾ ಅಂತ ಬೆರಳು ಹಾಕಿ ನೋಡಿ, ಪ್ರೀತಿ ಜಾಸ್ತಿಯಾಗಿ ಕೊಲ್ಲಬೇಡಿ." ಅಷ್ಟಮಿ, ಚತುರ್ದಶಿಯಂದು ಯಾರು ಬಂದರೂ ಗೆಣ್ಣಿಲ್ಲ. ಗಿಡಕ್ಕೂ ಜೀವ ಉಂಟು, ಆ ಎರಡು ದಿನ ಅದಕ್ಕೆ ನೋವು ಮಾಡುವುದಿಲ್ಲ ಎಂಬುದು ಅವರ ನೇಮ. ಒಮ್ಮೆ ವಾಸ್ತು ನೋಡುವವರೊಬ್ಬರು ಪಕ್ಕದ ಮನೆಗೆ ಬಂದವರು ಇವರ ಜಗಲಿಗೂ ಕಣ್ಣು ಹಾಯಿಸಿ, ಕಳ್ಳಿ ಮನೆಗೆ ಆಗುವುದಿಲ್ಲ, ಮುಳ್ಳಿನ ಗಿಡ ಜಗಳ ತರುತ್ತದೆ ಎಂದರು. ಟೀಚರ್ ಒಂದು ಚಟ್ಟಿ ಅವರ ಮಡಿಲಿಗಿಟ್ಟು, "ಮುಳ್ಳು ತೋರಿಸಿ, ಈಗಲೇ ಬಿಸಾಡ್ತೇನೆ" ಎಂದರು. ಆ ಗಿಡಕ್ಕೆ ಮುಳ್ಳೇ ಇಲ್ಲ. ಜಗಳ ಮಾತ್ರ ಇತ್ತು, ಅದು ಟೀಚರ್ ಸ್ವಂತದ್ದು.

ಒಂದು ವಿಚಿತ್ರ ಎಂದರೆ, ಅವರಿಂದ ಗೆಣ್ಣು ಕೊಂಡುಹೋದವರ ಮನೆಯಲ್ಲಿ ಗಿಡ ಹುಲುಸಾಗಿ ಬೆಳೆಯುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಟೀಚರ ಜಗಲಿಯಲ್ಲಿ ಮಾತ್ರ ಒಂದು ವರ್ಷ ತಪ್ಪದೆ ಹೂ. ಎಲ್ಲರೂ ಕೈಗುಣ ಎಂದರು.

ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳ ಜಡಿಮಳೆ ಕಳೆಯುವ ಹೊತ್ತಿಗೆ ನಮ್ಮ ಪಂಚಾಯತಿಗೆ ಹೊಸ ಬೀದಿದೀಪಗಳು ಮಂಜೂರಾದವು. ಅರ್ಜಿಗಳು ರಾಶಿ ಬಿದ್ದವು. ನಮ್ಮ ಕಂಬಕ್ಕೆ ದೀಪ ಹಾಕಬೇಕಾಗಿ ವಿನಂತಿ, ನಮ್ಮ ತಿರುವಿಗೆ ದೀಪ ಹಾಕಬೇಕಾಗಿ ವಿನಂತಿ. ನಾನು ಒಂದೊಂದಕ್ಕೂ ಮೊಹರು ಒತ್ತಿ, ಇನ್‌ವರ್ಡ್ ಪುಸ್ತಕದಲ್ಲಿ ಹೆಸರು ಬರೆದು, ಎದುರಿಗೆ 'ಬೀದಿದೀಪ ಕೋರಿ' ಎಂದು ಹಾಕುತ್ತಾ ಹೋದೆ. ಟೀಚರ ಅರ್ಜಿಯೂ ಬಂತು. ದುಂಡು ಅಕ್ಷರ, ಮೇಲೆ 'ವಿಷಯ: ನಮ್ಮ ಮನೆಯ ಹಿಂದಿನ ದಾರಿಯ ಕತ್ತಲೆಯ ಬಗ್ಗೆ'. ಪ್ರತಿಗೆ ಸಹಿ ಹಾಕಿ ಮೊಹರು ಒತ್ತಿ ಅವರ ಕೈಗೆ ಕೊಟ್ಟೆ. ಪುಸ್ತಕದಲ್ಲಿ 'ಬೀದಿದೀಪ ಕೋರಿ' ಎಂದು ಬರೆದೆ.

ಅರ್ಜಿಯ ಒಳಗೆ ಇದ್ದದ್ದು 'ಸದರಿ ಕಂಬಕ್ಕೆ ದೀಪ ಹಾಕಬಾರದಾಗಿ ವಿನಂತಿ' ಎಂದು.

ನಾನು ಓದಿದ್ದು 'ಹಾಕಬೇಕಾಗಿ' ಎಂದು. ಕಣ್ಣು ಓದಲಿಲ್ಲ, ಅಭ್ಯಾಸ ಓದಿತು. ನನ್ನ ನೌಕರಿಯಲ್ಲಿ ಅಲ್ಲಿಯವರೆಗೆ ಕತ್ತಲೆಯ ಬಗ್ಗೆ ಅರ್ಜಿ ಕೊಟ್ಟವರೆಲ್ಲ ಬೆಳಕು ಕೇಳಿದವರೇ. ಕತ್ತಲೆಯನ್ನೇ ಕೊಡಿ ಎಂದು ಕೇಳುವ ಒಬ್ಬರು ಇರಬಹುದು ಎಂದು ಯಾವ ಗುಮಾಸ್ತನಿಗೆ ಹೊಳೆಯುತ್ತದೆ? ಇದು ಸಮರ್ಥನೆ ಅಲ್ಲ, ಆದದ್ದು ಹೇಳುತ್ತಿದ್ದೇನೆ. ಪಟ್ಟಿ ನನ್ನ ಪುಸ್ತಕದಿಂದಲೇ ತಯಾರಾಯಿತು. ಅಕ್ಟೋಬರ್ ಮೊದಲ ವಾರ ಟೀಚರ ಮನೆಯ ಹಿಂಬದಿಯ ಕಂಬಕ್ಕೆ ಕಣ್ಣು ಕೋರೈಸುವ ಬಿಳಿ ದೀಪ ಬಂತು. ಜಗಲಿಗೆ ನೇರ.

ಮರುದಿನ ಅವರು ಆಫೀಸಿಗೆ ಬಂದರು. ಕನ್ನಡದಲ್ಲಿ ಸುರು ಮಾಡಿದರು.

"ಗುಮಾಸ್ತರೇ, ನಾನು ಕೊಟ್ಟ ಅರ್ಜಿಯನ್ನು ನೀವು ಓದಿದ್ದೀರಾ?"

"ಓದಿದ್ದೇನೆ ಟೀಚರ್."

"ಏನು ಬರೆದಿತ್ತು?"

ಆಗ ಕಡತ ತೆರೆದು ನೋಡಿದೆ. ಆ ಶಬ್ದ ಕಂಡಿತು. ತಪ್ಪಾಯಿತು ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಬಂದದ್ದು ಅಲ್ಲಿಯೇ ನಿಂತಿತು. ನನಗೆ ಬಡ್ತಿಯ ಪಟ್ಟಿ ಬರುವ ಕಾಲ. "ದೀಪದ ಪಟ್ಟಿ ಮೇಲಿನಿಂದ ಬಂದದ್ದು ಟೀಚರ್, ನಮ್ಮ ಕೈಯಲ್ಲಿ ಎಂತ ಉಂಟು?" ಎಂದೆ. ಅವರು ತಮ್ಮ ಪ್ರತಿಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡು ಎದ್ದುಹೋದರು. ಆ ದಿನ ಸೀಟಿ ಊದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ವರ್ಷ ಅವರು ಸಂಜೆ ಸಂಜೆ ಎಲ್ಲ ಚಟ್ಟಿಗಳಿಗೂ ರಟ್ಟಿನ ಪೆಟ್ಟಿಗೆ ಬೋರಲು ಹಾಕಿದರು. ಬೆಳಿಗ್ಗೆ ತೆಗೆದರು. ಹಿಂಗಾರು ಮಳೆ ಬಿಡಲಿಲ್ಲ, ರಟ್ಟು ಒದ್ದೆಯಾಗಿ ಬೂಷ್ಟು ಹಿಡಿಯಿತು, ಆರು ಗಿಡ ಬುಡದಿಂದ ಕೊಳೆತುಹೋಯಿತು. ಜಗ್ಗಿದ ರಟ್ಟಿನ ಸಂದಿಯಲ್ಲಿ ಬೆಳಕು ನುಗ್ಗಿತು, ಉಳಿದವುಗಳಲ್ಲಿ ಒಂದೂ ಹೂ ಬಿಡಲಿಲ್ಲ. ಬೆಳ್ತಂಗಡಿಗೆ ಅವರು ಮೊದಲ ಸಲ ಬರಿಗೈಯಲ್ಲಿ ಹೋದರು.

ದೀಪದಿಂದ ಉಪಕಾರವಾದವರೂ ಇದ್ದರು, ಅದನ್ನೂ ಹೇಳಬೇಕು. ಆ ದಾರಿಯ ಕೊನೆಯಲ್ಲಿ ಐಸಮ್ಮನ ಮನೆ. ಅವಳ ಮಗಳು ಮೂಡುಬಿದಿರೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮುಗಿಸಿ ಏಳು ಗಂಟೆಯ ಬಸ್ಸಿನಲ್ಲಿ ಬರುತ್ತಾಳೆ. ದಾರಿಯಲ್ಲಿ ಹಾವಿನ ಹೆದರಿಕೆ. ಟೀಚರ್ ಅವಳ ಮನೆಗೇ ಹೋಗಿ ಕೇಳಿದರಂತೆ.

"ಐಸಮ್ಮಾ, ನಿಂಗೆ ಬೆಳಕು ಎಲ್ಲಿ ಬೇಕು? ದಾರಿಗಾ, ನನ್ನ ಜಗಲಿಗಾ?"

"ದಾರಿಗೆ ಟೀಚರೇ. ನಿಮ್ಮ ಜಗಲಿಯಲ್ಲಿ ನಂಗೆ ಎಂತ ಕೆಲಸ?"

"ಹಾಗಾದ್ರೆ ನಿನಗೂ ನನಗೂ ಜಗಳ ಇಲ್ಲ."

ಮರುವರ್ಷ ಸೆಪ್ಟೆಂಬರಿನಲ್ಲಿ, ದೀಪದ ಒಂದು ಬದಿಗೆ ಮರೆ ಹಾಕಿಸಿಕೊಡಿ, ಬೆಳಕು ದಾರಿಗೆ ಬೀಳಲಿ, ಜಗಲಿಗೆ ಬೇಡ ಎಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿಯನ್ನು ಕೇಳಿದರು. ಎಲ್ಲರ ಬಾಯಲ್ಲಿ ಪಿಡಿಒ. ಆಗಿನವರು ಘಟ್ಟದ ಮೇಲಿನ ಕಡೆಯ ಯುವಕ. "ಅದಕ್ಕೆ ಅವಕಾಶ ಇಲ್ಲ ಮೇಡಂ, ಬೇಕಾದ್ರೆ ಮೇಲಕ್ಕೆ ಬರೀತೀನಿ" ಎಂದರು. ಮೇಲಕ್ಕೆ ಬರೆದದ್ದು ಕೆಳಗೆ ಬರುವಷ್ಟರಲ್ಲಿ ಡಿಸೆಂಬರ್ ಮುಗಿದಿರುತ್ತದೆ ಎಂದು ಟೀಚರಿಗೆ ಗೊತ್ತಿತ್ತು.

ಮುಂದಿನ ಮಂಗಳವಾರ ಲೈನ್ ಕೆಲಸಕ್ಕೆಂದು ಹಗಲಿಡೀ ಕರೆಂಟ್ ತೆಗೆದ ದಿನ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಎಲ್ಲರ ಕಣ್ಣೆದುರಿಗೆ, ಅರುವತ್ತೇಳು ವರ್ಷದ ಪೀಟಿ ಟೀಚರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದರು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಕಪ್ಪು ಬಣ್ಣ ಬಳಿದು ಇಟ್ಟುಕೊಂಡಿದ್ದರು. ಅದನ್ನು ತಂತಿಯಿಂದ ದೀಪದ ಒಂದು ಬದಿಗೆ ಬಿಗಿದರು. ಏಣಿ ಹಿಡಿದದ್ದು ಐಸಮ್ಮ. ದಾರಿಯಲ್ಲಿ ಬಂದ ಸ್ಕೂಟರಿನವನನ್ನು ಟೀಚರ್ ಮೇಲಿನಿಂದಲೇ ಸೀಟಿ ಊದಿ ನಿಲ್ಲಿಸಿದರು. ಮಾಡಿದ್ದು ಅಪಾಯದ ಕೆಲಸ, ಯಾರೂ ಮಾಡಬಾರದು. ಆದರೂ ಆ ಹೆಂಗಸನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಆ ಏಣಿಯ ಚಿತ್ರವೇ.

ವಾರದೊಳಗೆ ನೋಟೀಸು ತಯಾರಾಯಿತು. ಸರಕಾರಿ ಸೊತ್ತು ವಿರೂಪಗೊಳಿಸಿದ್ದಕ್ಕೆ ಕ್ಷಮಾಪಣೆ ಬರೆದುಕೊಟ್ಟು ತಗಡು ತೆಗೆಯಬೇಕು, ತಪ್ಪಿದರೆ ಪೊಲೀಸು ದೂರು. ಅದನ್ನು ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಹೋದಾಗ ಸಂಜೆ ಐದೂವರೆ. ಟೀಚರ್ ಬಟ್ಟಲಿಟ್ಟು ಊಟಕ್ಕೆ ಕೂರುತ್ತಿದ್ದರು. ನೋಟೀಸು ತೆಗೆದುಕೊಂಡು, ಓದಿ, ಮಡಚಿ ಬದಿಗಿಟ್ಟು, "ಹೊತ್ತು ಕಂತಲಿಕ್ಕೆ ಇನ್ನು ಅರ್ಧಗಂಟೆ ಉಂಟು, ಕೂತ್ಕೊಳ್ಳಿ" ಎಂದು ನನಗೂ ಬಡಿಸಿದರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಮಜ್ಜಿಗೆ. ಶತ್ರುವಿನ ಮನೆಯ ಊಟ ಅಷ್ಟು ರುಚಿಯಾಗಿರಬಾರದಿತ್ತು. ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅದಕ್ಕೂ ಕಳ್ಳಿ ಗಿಡಕ್ಕೂ ಸಂಬಂಧ ಉಂಟೆಂದು ತಿಳಿದದ್ದು ಆ ದಿನ.

ಉಂಡು, ಪಾತ್ರೆ ತೊಳೆದು ಕವುಚಿ, ಅವರು ಅಡುಗೆಮನೆಯ ಲೈಟ್ ಆರಿಸಿದರು. "ಇನ್ನು ಈ ಬದಿಗೆ ನಾಳೆ ಬೆಳಿಗ್ಗೆ ಏಳರ ಮೇಲೆಯೇ ಬರುವುದು. ಇದು ಹೂ ಬಿಡಬೇಕಾದ್ರೆ ಒಂದೂವರೆ ತಿಂಗಳು ದಿನಾ ಹನ್ನೆರಡು ಹದಿಮೂರು ಗಂಟೆ ಪೂರ್ತಿ ಕತ್ತಲೆ ಬೇಕು. ನಡುವೆ ಹತ್ತು ನಿಮಿಷ ಟ್ಯೂಬ್‌ಲೈಟ್ ಹಾಕಿದ್ರೂ ಅದಕ್ಕೆ ಲೆಕ್ಕ ತಪ್ಪುತ್ತದೆ. ನಿಮ್ಮ ಮನೆಗಳಲ್ಲಿ ಒಂಬತ್ತು ಗಂಟೆಗೆ ಒಗ್ಗರಣೆ, ಹತ್ತು ಗಂಟೆಗೆ ಟೀವಿ. ಅದು ಯಾವಾಗ ಮಲಗುವುದು?"

"ಎಲ್ಲರೂ ನಿಮ್ಮ ಕೈಗುಣ ಅಂತಾರಲ್ಲ ಟೀಚರ್?"

"ಕೈಗುಣ ಎಂತದು ಮಾರಾಯ್ರೆ, ಹೊಟ್ಟೆಗುಣ! ನಾನು ಬೇಗ ಉಣ್ತೇನೆ, ಅದು ಬೇಗ ಮಲಗ್ತದೆ. ಅಷ್ಟೇ."

ನಗು ಬಂತು. ನಗುವಿನ ಸಲಿಗೆಯಲ್ಲಿಯೇ, "ಕ್ಷಮಾಪಣೆ ಅಂತ ಎರಡು ಸಾಲು ಬರೆದು ಕೊಟ್ಟುಬಿಡಿ ಟೀಚರ್, ಇಲ್ಲಿಗೇ ಮುಗಿಸುವ" ಎಂದೆ. ಅವರ ಮುಖ ಗಟ್ಟಿಯಾಯಿತು.

"ಕ್ಷಮಾಪಣೆಯನ್ನು ತಪ್ಪು ಮಾಡಿದವರು ಬರೆಯಬೇಕು, ಗುಮಾಸ್ತರೇ."

ಅವರು ಬರೆಯಲಿಲ್ಲ. ವಿಷಯ ಗ್ರಾಮಸಭೆಗೆ ಬಂತು. ಪಿಡಿಒ ಇನ್‌ವರ್ಡ್ ಪುಸ್ತಕ ಎತ್ತಿ ಹಿಡಿದು, "ಈ ದೀಪ ಬೇಕು ಅಂತ ಅರ್ಜಿ ಕೊಟ್ಟಿದ್ದೇ ಇವರು. ಇಲ್ಲಿ ಬರೆದಿದೆ. ಈಗ ಇವರೇ ಅದಕ್ಕೆ ತಗಡ್ ಕಟ್ಟಿದ್ದಾರೆ" ಎಂದರು. ಸಭೆಯಲ್ಲಿ ನಗು ಹರಡಿತು. ಯಾರೋ, "ಅರುವತ್ತಕ್ಕೆ ಅರಳು ಮರಳು ಅಲ್ವಾ" ಎಂದರು. ಇನ್ನು ಯಾರೋ, "ಪಾಪ, ಮರೆವು" ಎಂದರು. ಟೀಚರ ಕೈಚೀಲದಲ್ಲಿ ನನ್ನ ಸಹಿ, ಮೊಹರು ಇದ್ದ ಪ್ರತಿ ಇತ್ತು. ಅದರ ಮಡಿಕೆ ನನಗೆ ಕಾಣುತ್ತಿತ್ತು. ಅದನ್ನು ತೆಗೆದು ಓದಿದ್ದರೆ ಆ ನಗು ಅಲ್ಲಿಗೇ ನಿಲ್ಲುತ್ತಿತ್ತು, ನಾನು ಅಲ್ಲಿಗೇ ಮುಗಿಯುತ್ತಿದ್ದೆ.

ಅವರು ಎದ್ದು ನಿಂತರು. ಕನ್ನಡ.

"ನನ್ನ ಮೈದಾನದಲ್ಲಿ ಒಂದು ನಿಯಮ ಇತ್ತು. ಫೌಲ್ ಮಾಡಿದವರು ತಾವಾಗಿ ಕೈ ಎತ್ತಬೇಕು. ಎತ್ತುವವರೆಗೆ ಆಟ ಮುಂದೆ ಹೋಗುವುದಿಲ್ಲ. ನಾನು ಕಾಯುತ್ತೇನೆ."

ಕಾದರು. ಯಾರಿಗೂ ಏನೂ ಅರ್ಥವಾಗಲಿಲ್ಲ, ನನಗೆ ಮಾತ್ರ ಅರ್ಥವಾಯಿತು. ನನ್ನ ಕೈ ಮೇಜಿನ ಮೇಲಿತ್ತು. ಅದು ಅಲ್ಲಿಯೇ ಇತ್ತು. ಅವರು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ, ಅದು ಇನ್ನೂ ಕಷ್ಟ. ಕೊನೆಗೆ, "ಸರಿ. ನಾನು ಕ್ಷಮೆ ಕೇಳುವುದಿಲ್ಲ, ತಗಡೂ ತೆಗೆಯುವುದಿಲ್ಲ. ಪೊಲೀಸರಿಗೆ ನನ್ನ ಮನೆ ಗೊತ್ತುಂಟು, ಇಬ್ಬರು ನನ್ನ ಶಿಷ್ಯರೇ" ಎಂದು ಹೇಳಿ ಹೊರಟುಹೋದರು. ಅವರು ಮೆಟ್ಟಿಲು ಇಳಿಯುವ ಮೊದಲೇ ಊರಿನಲ್ಲಿ ತೀರ್ಪಾಗಿತ್ತು: ಟೀಚರಿಗೆ ಮರೆವು.

ದೂರು ಕೊಡುವ ಮೊದಲೇ ಪಿಡಿಒಗೆ ವರ್ಗವಾಯಿತು. ಆ ಕಡತವನ್ನು ನಾನು ಕಪಾಟಿನ ಅಡಿಗೆ ಹಾಕಿದೆ. ನನ್ನ ಮಟ್ಟಿಗೆ ಅದೊಂದು ದೊಡ್ಡ ಉಪಕಾರ ಎಂದು ಭಾವಿಸಿಕೊಂಡೆ.

ಡಿಸೆಂಬರಿನಲ್ಲಿ ಐಸಮ್ಮ ಆಫೀಸಿಗೆ ಬಂದಾಗ ಹೇಳಿದಳು, "ಟೀಚರು ನಿಮಗೆ ಬರ್ಲಿಕ್ಕೆ ಹೇಳಿದ್ದಾರೆ. ಹೂ ಆಗಿದೆ." ಹೋದೆ. ಆ ಜಗಲಿಯನ್ನು ಹೇಗೆ ಹೇಳುವುದು? ಉಳಿದಿದ್ದ ಇಪ್ಪತ್ತನಾಲ್ಕು ಚಟ್ಟಿಯಲ್ಲಿಯೂ ಗೆಣ್ಣು ಕಾಣದಷ್ಟು ಹೂ. ಹತ್ತಿರ ಹೋಗಿ ಮುಟ್ಟಲು ಕೈ ಚಾಚಿದೆ. "ಚಟ್ಟಿ ತಿರುಗಿಸಬೇಡಿ. ಮೊಗ್ಗು ಬಂದ ಮೇಲೆ ಅದರ ದಿಕ್ಕು ಬದಲಿಸಿದ್ರೆ ಉದುರಿಸಿಬಿಡ್ತದೆ" ಎಂದರು. ತುಳುವಿನಲ್ಲಿ ಹೇಳಿದರು. ನನಗೆ ಧೈರ್ಯ ಬಂತು.

"ಹೂ ಮುಗಿದ ಮೇಲೆ ನನಗೂ ಮೂರು ಗೆಣ್ಣು ಕೊಡಿ ಟೀಚರ್."

"ನಿಮಗೆ ಕೊಡುವುದಿಲ್ಲ."

ಕನ್ನಡಕ್ಕೆ ಬಂದಿದ್ದರು. ಅಂಚೆಯವನಿಗೆ ಕೊಟ್ಟಿದ್ದರು, ಮೀನು ತರುವವನಿಗೆ ದೂರದಿಂದಲೇ ಎಸೆದಿದ್ದರು, ಆ ವಾಸ್ತುವಿನವರಿಗೂ ಕೊಟ್ಟಿದ್ದರು. ಅವತ್ತು ಮೊದಲ ಸಲ ಬಾಯಿಬಿಟ್ಟೆ. "ಆ ದಿನ ಸಭೆಯಲ್ಲಿ ಆ ಪ್ರತಿ ಯಾಕೆ ತೋರಿಸಲಿಲ್ಲ? ತೋರಿಸಿದ್ದರೆ ನಿಮಗೆ ಈ ಕೆಟ್ಟ ಹೆಸರು ಬರುತ್ತಿರಲಿಲ್ಲ."

"ತೋರಿಸಿದ್ರೆ ನೀವು ಸಿಕ್ಕಿಬೀಳ್ತಿದ್ರಿ. ಸಿಕ್ಕಿಬೀಳುದು ಬೇರೆ, ಒಪ್ಪಿಕೊಳ್ಳುದು ಬೇರೆ. ಸಿಕ್ಕಿಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ." ಒಣಗಿದ ಒಂದು ಗೆಣ್ಣನ್ನು ತಿರುಚಿ ತೆಗೆದು ಬದಿಗಿಟ್ಟರು. "ನಂಗೆ ಮರೆವು ಅಂತ ಊರು ಹೇಳ್ಲಿ. ನಂಗೆ ನೆನಪುಂಟು, ನಿಮಗೂ ನೆನಪುಂಟು. ನೀವು ಆ ಪುಸ್ತಕ ಸರಿ ಮಾಡಿದ ದಿವಸ ಬನ್ನಿ, ಗೆಣ್ಣು ಕೊಡ್ತೇನೆ."

ಸರಿ ಮಾಡುತ್ತೇನೆ ಎಂದೆ. ಬಡ್ತಿ ಆಗಲಿ ಎಂದುಕೊಂಡೆ. ಬಡ್ತಿ ಆಯಿತು, ಸಂಬಳ ಏರಿತು, ಮೇಜು ಅದೇ ಉಳಿಯಿತು. ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಅದೂ ಮುಗಿಯಿತು. ಈ ಸೆಪ್ಟೆಂಬರಿನಲ್ಲಿ ಟೀಚರ್ ಬೆಳಿಗ್ಗೆ ಬಸದಿಗೆ ಹೋಗಿ ಬಂದು, ಚಾವಡಿಯಲ್ಲಿ ಕೂತವರು ಹಾಗೆಯೇ ಹೋದರು. ಊರಿಗೆಲ್ಲ ಗೆಣ್ಣು ಹಂಚಿದವರು ನನಗೆ ಒಂದನ್ನೂ ಕೊಡದೆ ಹೋದರು. ಅದು ನ್ಯಾಯವೇ. ಆದರೂ ಹೇಳುತ್ತೇನೆ, ನನಗೆ ನೋವಾಗಿದೆ.

ಮನೆ ಈಗ ಬೀಗ ಹಾಕಿದೆ. ಬೀಗದ ಕೈ ಐಸಮ್ಮನಲ್ಲಿದೆ. ಚಟ್ಟಿಗಳನ್ನು ಅವಳು ಕದಲಿಸಲಿಲ್ಲ, ಇದ್ದಲ್ಲಿಗೇ ಹೋಗಿ ನೀರು ಹಾಕಿ ಬರುತ್ತಾಳೆ. ಮೊಗ್ಗು ಕಟ್ಟಲು ಬೇಕಾದ ಕತ್ತಲೆಯ ತಿಂಗಳು ಈಗಷ್ಟೇ ಸುರುವಾಗಿದೆ.

ನುಡಿನಮನದ ಮಾರನೆಯ ದಿನ ಈಗಿನ ಪಿಡಿಒ ನನ್ನನ್ನು ಕರೆದರು. ನಮ್ಮ ಕಡೆಯವರೇ, ಒಳ್ಳೆಯ ಮನುಷ್ಯ. ಹಳೆಯ ಕಡತ ಅವರ ಮೇಜಿನ ಮೇಲಿತ್ತು. "ಇದೊಂದು ಬಾಕಿ ಉಂಟಲ್ಲ, ಮುಗಿಸುವ. ಆಕ್ಷೇಪಣೆ ಮಾಡುವವರೇ ಇಲ್ಲ ಈಗ. 'ಅರ್ಜಿದಾರರು ವಯೋಸಹಜ ಮರೆವಿನಿಂದ ಹೀಗೆ ಮಾಡಿದ್ದಾರೆ, ತಗಡು ತೆಗೆಯಬಹುದು' ಅಂತ ಒಂದು ಸಾಲು ಟಿಪ್ಪಣಿ ಹಾಕಿ. ನಾಳೆ ಲೈನಿನವರು ಬರ್ತಾರೆ."

ನಾನು ನನ್ನ ಮೇಜಿಗೆ ಬಂದು ಕೂತೆ. ಒಂದು ಸಾಲು ಹಾಕಲಿಲ್ಲ, ಒಂದು ಪುಟ ಬರೆದೆ. ಅರ್ಜಿದಾರರು ಈ ದೀಪ ಬೇಡವೆಂದೇ ಕೋರಿದ್ದರು. ಅದನ್ನು ಓದದೆ ಬೇಕೆಂದು ದಾಖಲು ಮಾಡಿದವನು ನಾನು. ಗೊತ್ತಾದ ಮೇಲೂ ಗ್ರಾಮಸಭೆಯಲ್ಲಿ ಸುಮ್ಮನೆ ಕೂತವನು ನಾನು. ಅವರಿಗೆ ಮರೆವು ಇರಲಿಲ್ಲ. ತಗಡಿನಿಂದ ದಾರಿಯ ಬೆಳಕಿಗೆ ಯಾವ ಅಡ್ಡಿಯೂ ಇಲ್ಲ, ಅದು ಅಲ್ಲಿಯೇ ಇರತಕ್ಕದ್ದು. ಇನ್‌ವರ್ಡ್ ಪುಸ್ತಕದಲ್ಲಿ ಆ ಸಾಲಿಗೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ತಿದ್ದಿ, ಸಹಿ ಮಾಡಿದೆ.

ಪಿಡಿಒ ಓದಿದರು. ಎದ್ದುಹೋಗಿ ಬಾಗಿಲು ಹಾಕಿ ಬಂದರು.

"ಇದೆಲ್ಲ ಈಗ ಯಾಕೆ ಮಾರಾಯ್ರೆ? ಅವರು ತೀರಿಹೋದ್ರು. ಇನ್ನು ಯಾರೂ ಕೇಳುದಿಲ್ಲ. ಇದನ್ನು ನಾನು ತಗೊಂಡ್ರೆ ನಿಮಗೆ ನೋಟೀಸು ಕೊಡ್ಬೇಕಾಗ್ತದೆ."

"ಕೊಡಿ ಸಾರ್."

"ತಮಾಷೆ ಅಲ್ಲ."

"ತಮಾಷೆಗೆ ಬರೆದದ್ದಲ್ಲ ಸಾರ್."

ಅವರು ಕಾಗದವನ್ನು ನನ್ನ ಕಡೆಗೆ ಸರಿಸಿದರು. ನಾನು ತಿರುಗಿ ಅವರ ಕಡೆಗೆ ಸರಿಸಿದೆ. ನಮ್ಮ ಆಫೀಸಿನಲ್ಲಿ ನೋಟೀಸಿನ ಫಾರಂ ಎಲ್ಲಿ ಇರುತ್ತದೆ ಎಂದು ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೊರಗೆ ಹೋಗಿ ಕಪಾಟು ತೆರೆದು ಒಂದು ಫಾರಂ ತೆಗೆದೆ. ಮೇಲೆ ಹೆಸರು ಬರೆಯುವ ಜಾಗದಲ್ಲಿ ನನ್ನ ಹೆಸರನ್ನು ನಾನೇ ಬಿಡಿಸಿ ಬರೆದು, ತಂದು ಅವರ ಮುಂದೆ ಇಟ್ಟೆ.